ಬೋರಲು ಹಾಕಿದ ಲೋಟ

ನಲ್ಲಿಗೆ ಸರಪಳಿ ಕಟ್ಟಿ ಬಿಟ್ಟ ಸ್ಟೀಲ್ ಲೋಟ, ಬಂದವರೆಲ್ಲ ಅದರಲ್ಲೇ ಕುಡಿಯುತ್ತಾರೆ, ಕೆಮ್ಮುವ ಮುದುಕ, ಮೂಗು ಸುರಿಸುವ ಮಗು, ಯಾರೂ ಯಾರನ್ನೂ ಕೇಳುವುದಿಲ್ಲ — ಅವನಿಗೆ ಗಂಟಲು ಒಣಗಿದೆ, ಏಳಲು ಮಾತ್ರ ಮನಸ್ಸಿಲ್ಲ, ವಯಸ್ಸಿಗೆ ಬಂದಾಗಿನಿಂದ ಲಾರಿಯ ಬ್ರೇಕು ತುಳಿದ ಕಾಲು ಈ ರಕ್ತನಿಧಿಯ ಬೆಂಚಿನಲ್ಲಿ ಸೋತು ಕೂತಿದೆ, ಪಕ್ಕದಲ್ಲಿ ಹೆಂಡತಿ, ನಡುವೆ ಅವಳ ಚೀಲ, ಮೊದಲೆಲ್ಲ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು — ತನ್ನ ಲಾರಿಯ ಕ್ಲೀನರನ ಆಪರೇಷನ್ನಿಗೆ ರಕ್ತ ಕೊಟ್ಟದ್ದೇ ತಪ್ಪಾಯಿತೇ, ಕೊಟ್ಟು ಬಿಸ್ಕತ್ತು ತಿಂದು ಬಂದವನಿಗೆ ಇಲ್ಲಿಂದಲೇ ಫೋನು, ಸ್ವಲ್ಪ ಬಂದು ಹೋಗಿ ಅಣ್ಣಾ, ಹೆಂಡತಿಯನ್ನೂ ಕರೆದೊಯ್ದ, ಮುಚ್ಚಿಡುವಂಥದ್ದೇನಿದೆ, ಇಲ್ಲಿನ ಕೌನ್ಸೆಲರ್ ಹುಡುಗಿ ಮೆತ್ತಗೆ ಹೇಳಿದಳು, ಎಚ್‌ಐವಿ ಪಾಸಿಟಿವ್ ತೋರಿಸ್ತಿದೆ, ಗಾಬರಿ ಬೇಡ, ಒಬ್ಬ ಕಳ್ಳನೂ ತಪ್ಪಿಸ್ಕೋಬಾರ್ದು ಅಂತಲೇ ಮಾಡಿರೋ ಪರೀಕ್ಷೆ ಇದು, ಕೆಲವು ಸಲ ದಾರೀಲಿ ಹೋಗೋರನ್ನೂ ಹಿಡ್ಕೊಳ್ಳತ್ತೆ, ಇನ್ನೊಂದು ಪರೀಕ್ಷೆ ಆಗ್ಲಿ — ಮೇಜು ಗುದ್ದಿದ, ನಿಮ್ಮ ಯಂತ್ರದ ಕಣ್ಣು ಕುರುಡಾದ್ರೆ ನನ್ನ ಮಾನ ಹೋಗ್ಬೇಕೇನಮ್ಮಾ, ಹೆಂಡತಿ ಒಂದೇ ಮಾತು ಕೇಳಿದಳು, ಇವರು ಕುಡಿದ ಲೋಟದಿಂದ ಬರುತ್ತಾ, ಇಲ್ಲಮ್ಮಾ, ಖಂಡಿತ ಬರಲ್ಲ, ಹುಡುಗಿ ಎರಡೆರಡು ಸಲ ಹೇಳಿದಳು, ಇವಳು ತಲೆಯಾಡಿಸಿದಳು — ಮರುದಿನ ಅಡುಗೆಮನೆ ಕಿಟಕಿಯಲ್ಲಿ ಅವನ ಲೋಟ, ಒಂಟಿಯಾಗಿ, ಬೋರಲು. ಯಾಕೇ ಇದು, ಅಂದ. ಪಾತ್ರೆ ಉಜ್ಜುತ್ತಲೇ ಇದ್ದಳು, ಡ್ರೈವರ್ ಕೆಲಸ, ಎಲ್ಲೆಲ್ಲಿ ಮಲಗ್ತೀರೋ ಯಾರಿಗೆ ಗೊತ್ತು ಎಂದಿದ್ದರೆ ಜಗಳವಾದರೂ ಆಡಬಹುದಿತ್ತು, ಕ್ಷೌರದಂಗಡಿಯ ಬ್ಲೇಡು, ಹಲ್ಲು ಕೀಳಿಸಿದ್ದು, ಜ್ವರದ ಸೂಜಿ, ನೆನಪಲ್ಲಿ ಎಲ್ಲ ತಡಕಾಡಿದ, ಬೇರೆ ಹೆಣ್ಣು ಮಾತ್ರ ಇರಲಿಲ್ಲ, ಇರಲಿಲ್ಲ ಎನ್ನುವುದನ್ನು ಯಾವ ಬಾಯಲ್ಲಿ ಹೇಳುವುದು, ಆ ಕಿಟಕಿಯ ಲೋಟಕ್ಕೆ ಹೇಳುವುದೇ — ಬೆಂಚಿನೆದುರು ಬಾಗಿಲು ತೆರೆಯಿತು, ಅದೇ ಹುಡುಗಿ, ಹಲ್ಲು ಕಾಣುವಂತೆ ನಗು, ಅಣ್ಣಾ, ನೆಗೆಟಿವ್, ನಿಮಗೇನೂ ಇಲ್ಲ, ಮೊದಲನೇದು ಸುಳ್ಳು, ನಾನು ಹೇಳಿರ್ಲಿಲ್ವಾ, ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಚೀಲ ಮಡಿಲಿಗೆ ಬಂತು, ನಂಗೆ ಗೊತ್ತಿತ್ತು ರೀ, ಅಂದಳು. ಗೊತ್ತಿತ್ತಂತೆ. ಲೋಟದಿಂದ ಬರುವುದಿಲ್ಲ ಎಂಬುದೂ ಗೊತ್ತಿತ್ತು, ಕಿವಿಯಾರೆ ಕೇಳಿದ್ದಳು, ಹಾಗಾದರೆ ಬೇರೆ ಇಟ್ಟದ್ದು ಕಾಯಿಲೆಗೆ ಹೆದರಿ ಅಲ್ಲ, ಅವನ ಮೇಲೆ ನಂಬಿಕೆಯಿಲ್ಲದೆ — ಏಳಿ, ಮನೆಗೆ ಹೋಗಿ ಬಿಸಿಬಿಸಿ ಟೀ ಮಾಡ್ಕೊಡ್ತೀನಿ, ಎನ್ನುತ್ತಾಳೆ, ಎದ್ದ, ಕಾಲೂ ಎದ್ದಿತು, ಟೀ, ಬಿಸಿಬಿಸಿ ಟೀ — ಕಿಟಕಿಯಲ್ಲಿ, ಒಂಟಿಯಾಗಿ, ಬೋರಲು ಹಾಕಿದ ಲೋಟ.