ಜಿಂಕೆಯ ಮೇಲೊಂದು ಅರ್ಜಿ

ನನ್ನ ಹೆಂಡತಿ ಸತ್ಯವತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಪರದೇಶದಲ್ಲಿ, ಸರಟೋಗಾ ಎಂಬ ಊರಿನ ಗುಡ್ಡದಂಚಿನಲ್ಲಿರುವ ಮಗಳ ಮನೆಯ ಹಿತ್ತಿಲಿನಲ್ಲಿ ಅವಳು ನೆಟ್ಟ ಬಿಳಿ ದಾಸವಾಳವೊಂದು ಉಳಿದಿತ್ತು. ಚಳಿಗಾಲದಲ್ಲಿ ಅದಕ್ಕೆ ತನ್ನ ಹಳೆಯ ಸೀರೆ ಹೊದಿಸುತ್ತಿದ್ದಳು. ನನಗೆ ಶಾಲು ಹೊದಿಸಿದ್ದು ನೆನಪಿಲ್ಲ. ದಿನಕ್ಕೊಂದು ಹೂವನ್ನು ದೇವರಿಗೆ ಏರಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿತ್ತು. ಅಷ್ಟರಲ್ಲಿ ಒಂದು ಹೆಣ್ಣು ಜಿಂಕೆ ಗುಡ್ಡದಿಂದಿಳಿದು ಬಂದು ಅದನ್ನು ತಿನ್ನತೊಡಗಿತು. ಮೊದಲು ಮೊಗ್ಗು, ಆಮೇಲೆ ಚಿಗುರು. ಹದಿನೈದು ದಿನದಲ್ಲಿ ಎರಡು ಕೊಂಬೆ ಉಳಿದವು.

ಇಂಥ ವಿಷಯದಲ್ಲಿ ನಾನು ಅನನುಭವಿಯಲ್ಲ. ಮಹಾರಾಜರ ಕಾಲದಲ್ಲಿ ಕಾಡಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮೃಗಸಂರಕ್ಷಣೆಯ ಕಡತಗಳೆಲ್ಲ ನನ್ನ ಮೇಜಿನ ಮೇಲಿದ್ದವು. ಮೃಗಗಳನ್ನು ನಾವು ಬಹಳ ಶ್ರದ್ಧೆಯಿಂದ ಕಾಪಾಡುತ್ತಿದ್ದೆವು, ದೊಡ್ಡ ಅತಿಥಿಗಳು ಬಂದು ಹೊಡೆಯುವವರೆಗೆ. ಅಲ್ಲಿಯ ತನಕ ಅವು ರೈತರ ರಾಗಿ ತಿನ್ನುತ್ತಿದ್ದವು. ರೈತರು ಅರ್ಜಿ ಕೊಟ್ಟರೆ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ದುಂಡಗೆ ಬರೆದು ಕಳಿಸುತ್ತಿದ್ದೆ. ಏನೂ ಆಗುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಗುರುಶಾಂತಪ್ಪನೆಂಬ ಮುದುಕನೊಬ್ಬ ಮಾತ್ರ ಮೂರು ವರ್ಷ ಬಂದ. ಕೊನೆಯ ಸಲ, “ಸ್ವಾಮಿ, ನಿಮ್ ಕಾಗ್ದಾನೇ ಹೊಲದಾಗೆ ಕಟ್ಟಿವ್ನಿ. ಜಿಂಕೆಗೆ ಓದಾಕ್ ಬರಾಕಿಲ್ಲ” ಎಂದ. ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಈ ದೇಶದ ಮೃಗಗಳ ಕಚೇರಿಗೂ ಅದೇ ಧಾಟಿಯಲ್ಲಿ ಬರೆದೆ. ಜಿಂಕೆಯ ಉಪದ್ರವವನ್ನು ವಿವರಿಸಿ, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿಧೇಯನಾಗಿ ಬೇಡಿಕೊಂಡೆ. ಬರೆದದ್ದರಿಂದಲೇ ಮನಸ್ಸು ಹಗುರವಾಯಿತು. ನಾಲ್ಕನೆಯ ದಿನ ಖಾಕಿ ತೊಟ್ಟ ಹೆಂಗಸೊಬ್ಬಳು ಜೀಪಿನಿಂದ ಇಳಿದಳು. ಅರ್ಜಿ ನೋಡಿ ಅಧಿಕಾರಿ ಬಂದದ್ದನ್ನು ಜೀವಮಾನದಲ್ಲಿ ಮೊದಲ ಸಲ ಕಂಡೆ. ಗಿಡ ನೋಡಿದಳು, ಗೊರಸಿನ ಗುರುತು ನೋಡಿದಳು, ಬೇಲಿ ಹಾಕಿದರೆ ಸಾಕೆಂದಳು. ನಾನು ಬಿಡಲಿಲ್ಲ, ನಿಯಮದ ಪ್ರಕಾರ ಕ್ರಮವಾಗಲಿ ಎಂದೆ. ಅವಳು ಒಂದು ಕಾಗದ ತೆಗೆದು ನನ್ನ ಮುಂದಿಟ್ಟಳು. ಪೆನ್ನು ತೆಗೆದೆ. ಮಗಳು ನಿರುಪಮಾ ನನ್ನ ಕೈ ಹಿಡಿದಳು.

“ಅಪ್ಪ, ಏನಕ್ಕೆ ಸೈನ್ ಮಾಡ್ತಿದೀರ ಗೊತ್ತಾ? ಜಿಂಕೇನ ಶೂಟ್ ಮಾಡೋಕೆ ಪರ್ಮಿಟ್ಟು ಇದು. ನಿಮ್ ಹೆಸರಲ್ಲಿ.”

ಆಗಷ್ಟೇ ಸಂಧ್ಯಾವಂದನೆ ಮುಗಿಸಿದ ಕೈ ಅದು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟೆ.

“ನಿಮ್ಮಮ್ಮನ ಗಿಡ ಹೋಗತ್ತಲ್ಲೇ,” ಎಂದೆ.

“ಅಮ್ಮ ಇದ್ದಿದ್ರೆ ಆ ಜಿಂಕೇಗೂ ಒಂದು ಸೀರೆ ಹೊದಿಸ್ತಿದ್ರು,” ಎಂದು ಅವಳು ಮುಖ ತಿರುಗಿಸಿಕೊಂಡಳು.

ಅಧಿಕಾರಿಣಿ ಕಾಗದ ಮಡಿಸಿಕೊಂಡು ಹೋದಳು. ಆ ಶನಿವಾರ ಅಳಿಯ ರಘೋತ್ತಮ ಗಿಡದ ಸುತ್ತಲೂ ಮೇಲೂ ತಂತಿಬಲೆ ಬಿಗಿದ. ಇಂಜಿನಿಯರು, ಇಲಿಗೂ ದಾರಿ ಬಿಡಲಿಲ್ಲ. ಗಿಡ ಚೇತರಿಸಿಕೊಂಡು, ಎರಡು ತಿಂಗಳ ಮೇಲೆ ಒಂದು ಹೂವು ಬಿಟ್ಟಿತು. ಮಡಿಯುಟ್ಟು ಹೋಗಿ ಕೈ ಚಾಚಿದೆ. ತಂತಿಯೊಳಗೆ ನನ್ನ ಎರಡು ಬೆರಳು ತೂರಿದವು; ಹೂವು ಇನ್ನೂ ಗೇಣು ದೂರದಲ್ಲಿತ್ತು. ಆಚೆ ಬದಿಯಲ್ಲಿ ಜಿಂಕೆಯೂ ಮೂತಿ ಒತ್ತಿಕೊಂಡು ನಿಂತಿತ್ತು.

ಅಳಿಯನನ್ನು ಕರೆದು ಬಲೆ ಬಿಚ್ಚಿಸಬಹುದಿತ್ತು. ಕರೆಯಲಿಲ್ಲ. ನಿಂತಲ್ಲೇ ಕೈ ಮುಗಿದು, ಇದು ಅವಳ ಹೂವು, ನೀನೇ ಇಲ್ಲಿಗೆ ಬಂದು ತೆಗೆದುಕೊ ಎಂದು ದೇವರಿಗೆ ಹೇಳಿದೆ.