ಒಂಟಿ ಹೆಂಗಸಿಗೆ ಕೋಣೆ

“ಜೊತೆಗೆ ಯಾರೂ ಇಲ್ವಾ ಮೇಡಂ?” ಮೂರನೆಯ ಸಲ ಕೇಳಿದ ಬದರಿನಾಥ. ಜರಗನಹಳ್ಳಿಯ ಆ ಲಾಡ್ಜಿನ ಮ್ಯಾನೇಜರು ಅವನು.

“ಇಲ್ರೀ. ಒಬ್ಬಾಕಿನ ಬಂದೀನಿ,” ಎಂದಳು ರಾಜಶ್ರೀ. ಗಜೇಂದ್ರಗಡದಲ್ಲಿ ನರ್ಸಾಗಿದ್ದ ಅವಳು ಜೆ.ಪಿ. ನಗರದಲ್ಲಿ ಎರಡು ದಿನದ ತರಬೇತಿಗೆಂದು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದಳು. ಈಗ ಬೆಳಿಗ್ಗೆ ಏಳೂವರೆ. ಒಂಬತ್ತಕ್ಕೆ ಮೊದಲ ಪಾಠ. ಕೋಣೆಯನ್ನು ವಾರದ ಹಿಂದೆಯೇ ಫೋನಿನಲ್ಲಿ ಬುಕ್ ಮಾಡಿದ್ದಳು.

“ಒಬ್ರೇ ಲೇಡೀಸ್‌ಗೆ ಕೊಡಲ್ಲ ಮೇಡಂ. ನಿಮ್ ಸೇಫ್ಟಿಗೇ ಹೇಳ್ತಿರೋದು. ಬೇಕಾದ್ರೆ ನಿಮ್ ಯಜಮಾನ್ರಿಗೆ ಫೋನ್ ಮಾಡಿ ಕೊಡಿ, ಮಾತಾಡ್ತೀನಿ.”

“ರಸ್ತ್ಯಾಗ ನಿಲ್ಸೂದು ನನ್ನ ಸೇಫ್ಟಿಗೇನ್ರಿ?”

ಅವನು ಅವಳ ಹೆಗಲಾಚೆ ನೋಡಿ ನಕ್ಕ. ಬ್ಯಾಗು ಹೊತ್ತ ಒಬ್ಬ ಗಂಡಸು ಬಂದಿದ್ದ. ಆಧಾರ್ ಕೊಟ್ಟ, ಸಹಿ ಹಾಕಿದ. ಕೀಲಿಕೈ ಅವನಿಗೆ ಸಿಗಲು ಎರಡು ನಿಮಿಷವೂ ಹಿಡಿಯಲಿಲ್ಲ.

ರಾಜಶ್ರೀಗೆ ಕಿವಿಯವರೆಗೂ ಬಿಸಿಯೇರಿತು. “ಇವ್ರ ಮನ್ಯಾಗ ಯಾರಿಗೂ ಫೋನ್ ಹಚ್ಚಂಗಿಲ್ಲೇನ್ರಿ?”

ಆ ಗಂಡಸು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದ. ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿದಳು.

“ಮೆಲ್ಲಗೆ ಮಾತಾಡಿ ಮೇಡಂ, ಗೆಸ್ಟ್‌ಗಳಿದ್ದಾರೆ.”

“ಹಂಗಾರ ನಾ ಯಾರ್ರಿ? ರೂಮ್ ಕೊಡಂಗಿಲ್ಲ ಅಂತ ಒಂದು ಹಾಳಿ ಮ್ಯಾಲ ಬರ್ದು ಸಹಿ ಹಾಕಿ ಕೊಡ್ರಿ. ಅಲ್ಲೀಮಟಾ ನಾ ಇಲ್ಲಿಂದ ಹೋಗಂಗಿಲ್ಲ.”

ಅವಳು ಸೋಫಾದ ನಟ್ಟನಡುವೆ ಕೂತಳು. ಕುಡಿದು ಬಂದು ವಾರ್ಡಿನಲ್ಲಿ ಕೂಗಾಡುವವರನ್ನು ಹತ್ತು ವರ್ಷ ಸಂಭಾಳಿಸಿದ್ದಳು. ಈ ನಯವಾದ ದನಿಯನ್ನು ಸಂಭಾಳಿಸುವುದು ಮಾತ್ರ ಅವಳಿಗೆ ಹೊಸದು.

ಇಪ್ಪತ್ತು ನಿಮಿಷ ಕಳೆಯಿತು. ಒಂದು ಸಂಸಾರ ಒಳಗೆ ಬಂದು, ಅವಳನ್ನೂ ಅವನನ್ನೂ ನೋಡಿ ಬಾಗಿಲಲ್ಲೇ ನಿಂತುಬಿಟ್ಟಿತು. ಆ ಗಿರಾಕಿಗಳು ಹೊರಟುಹೋದಾರೆಂದು ಬದರಿನಾಥ ರಾಜಶ್ರೀಯತ್ತ ನೋಡಿ ಕೀಲಿಕೈಯನ್ನು ಮೇಜಿನ ಮೇಲೆ ಕುಕ್ಕಿದ.

“ಗ್ರೌಂಡ್ ಫ್ಲೋರ್. ನನ್ ಕಣ್ಣೆದುರಿಗೇ ಇರುತ್ತೆ. ಏನಾದ್ರೂ ಆದ್ರೆ ನಾನ್ ತಾನೇ ಜವಾಬ್ದಾರಿ.”

ಒಳಗೆ ಹೋಗಿ ತಣ್ಣೀರು ಸುರಿದುಕೊಂಡರೂ ಅವಳ ಸಿಟ್ಟು ಇಳಿಯಲಿಲ್ಲ. ಸೀರೆ ಉಟ್ಟು ಬಾಗಿಲು ತೆಗೆದರೆ, ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬದರಿನಾಥ ಪೇಪರ್ ಓದುತ್ತಿದ್ದ.

“ಎಲ್ಲಿಗೆ ಮೇಡಂ? ಎಷ್ಟೊತ್ತಿಗೆ ವಾಪಸ್?”

“ಸ್ವಲ್ಪ ಏಳ್ರಿ.”

ಕುರ್ಚಿಯ ಕೆಳಗೆ ಏನೋ ಬಿದ್ದಿರಬೇಕೆಂದುಕೊಂಡು ಅವನು ಎದ್ದ. ರಾಜಶ್ರೀ ಕುರ್ಚಿಯನ್ನೆತ್ತಿ ತನ್ನ ಕೋಣೆಯೊಳಗಿಟ್ಟಳು. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು. ಕನಕಪುರ ರಸ್ತೆಯ ಕಡೆಗೆ ಹೊರಟಳು.

ಬದರಿನಾಥ ಪೇಪರ್ ಹಿಡಿದು ನಿಂತೇ ಇದ್ದ. ನೆಲ ಒರೆಸುವ ಹೆಂಗಸು ಬಕೆಟ್ ಎಳೆದುಕೊಂಡು ಬಂದು, ಕುರ್ಚಿಯಿದ್ದ ಜಾಗವನ್ನು ಒರೆಸತೊಡಗಿದಳು. ಅವನು ಒಂದು ಕಾಲೆತ್ತಿದ, ಆಮೇಲೆ ಪಕ್ಕಕ್ಕೆ ಸರಿದ.