ಹುಲಗೂರಿನ ಪರದೆ

ಗುತ್ತೆಪ್ಪ ಮತ್ತೆ ಮನೆ ಬಿಟ್ಟು ಹೋದ ಸುದ್ದಿ ಶಾರವ್ವನಿಗೆ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಿತು.

"ನಿನ್ನ ಗಂಡ ಬಂಕಾಪುರದ ರಸ್ತಾ ಹಿಡದು ಹೊಂಟಾನ ನೋಡವಾ. ಮೈಮ್ಯಾಲೆ ಅಂಗಿ ಸೈತ ಇಲ್ಲ," ಎಂದಳು ಪಾಳಿಯಲ್ಲಿ ನಿಂತಿದ್ದ ಒಬ್ಬ ಮುದುಕಿ.

ಜೋಳದ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು ಶಾರವ್ವ ಓಡಿದಳು. ಹಾನಗಲ್ಲಿನ ಕೊನೆಯ ಮನೆಗಳನ್ನು ದಾಟಿ ಅವನನ್ನು ಹಿಡಿಯುವಷ್ಟರಲ್ಲಿ ಅವಳ ಉಸಿರು ಕಟ್ಟಿತ್ತು. ಎಲ್ಲಿಗೆ ಹೊರಟಿದ್ದೀರಿ ಎಂದು ಅವಳು ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು. ಅವನಿಗೇ ಗೊತ್ತಿರುತ್ತಿರಲಿಲ್ಲ.

ಗುತ್ತೆಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುವವನು. ಅರಮನೆ, ಉದ್ಯಾನ, ಕಾಡು, ಬೀದಿ, ಯಾವ ಸೀನರಿ ಬೇಕೆಂದರೂ ಅವನೇ ಆಗಬೇಕು. ಅವನು ಬರೆದ ಅರಮನೆಯ ಕಂಬಕ್ಕೆ ಒರಗಲು ಹೋಗಿ ಹೊಸ ನಟನೊಬ್ಬ ಬಿದ್ದಿದ್ದನೆಂದು ಜನ ಹೇಳಿಕೊಂಡು ನಗುತ್ತಿದ್ದರು. ಆದರೆ ಎರಡು ವರ್ಷದಿಂದ ಆ ಮನುಷ್ಯನಿಗೆ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಹೋಗುವನು. ಮಾತಾಡುತ್ತಿದ್ದವನು ಸುಮ್ಮನಾಗಿ ಬಾಗಿಲ ಕಡೆ ನೋಡುವನು. ಏನಾಗುತ್ತದೆ ಹೇಳಿರಿ ಎಂದು ಶಾರವ್ವ ಕಾಲು ಹಿಡಿದು ಕೇಳಿದಾಗ, "ಒಳಗ ಗಾಳಿ ಹೊಕ್ಕಂಗ ಆಗೇತಿ. ಹೊರಗ ಹೋಗಾಕ ದಾರಿ ಹುಡುಕಾಕತ್ತೇತಿ," ಎಂದಿದ್ದ.

ಆ ಗಾಳಿ ಕೆಲಸದೊಳಗೂ ಹೊಕ್ಕಿತು. ಕಂಪನಿ ಮಾಲೀಕ ಅಜ್ಜಪ್ಪನವರು ಉದ್ಯಾನದ ಪರದೆ ಬರೆಸುತ್ತಿದ್ದರು. ಗುತ್ತೆಪ್ಪ ಗಿಡಗಳನ್ನೆಲ್ಲ ಒಂದೇ ಕಡೆ ಬಾಗಿಸಿ, ಒಂದು ಹೂವೂ ಇಲ್ಲದಂತೆ ಬರೆದಿಟ್ಟ. "ರಾಜಕುಮಾರಿ ಹಾಡು ಹೇಳೂ ಜಾಗಾನೋ ಇದು, ಸುಡುಗಾಡೋ?" ಎಂದು ಅಜ್ಜಪ್ಪ ರೇಗಿದರು. ಗುತ್ತೆಪ್ಪ ನೀಲಿ ಬಣ್ಣದ ಬಕೀಟನ್ನು ಎತ್ತಿ ಪರದೆಯ ಮೇಲೆ ಸುರಿದು ಹೊರಟುಬಂದ. ಆಮೇಲೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಕೈ ನಡುಗುತ್ತಿತ್ತು. ಕುಂಚ ಹಿಡಿಯಲಾಗದ ಕೈ ಯಾಕೆ ಬೇಕೆಂದು ಅವನು ಗುಳಿಗೆಗಳನ್ನು ಗಟಾರಿಗೆ ಎಸೆದ.

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಶಾರವ್ವ ಅವನನ್ನು ಹುಲಗೂರಿಗೆ ಕರೆದುಕೊಂಡು ಹೋದಳು. ತಲೆ ಕೆಟ್ಟವರನ್ನು, ನಿದ್ದೆಗೆಟ್ಟವರನ್ನು ಅಲ್ಲಿನ ದರ್ಗಾದಲ್ಲಿ ಕೆಲವು ದಿನ ಇರಿಸಿಕೊಂಡರೆ ನೆಟ್ಟಗಾಗುತ್ತಾರೆಂದು ಅವಳ ತವರಿನಲ್ಲಿ ನಂಬಿಕೆಯಿತ್ತು. ದರ್ಗಾದ ಮಗ್ಗುಲಲ್ಲಿ ಹೂವು, ಸಕ್ಕರೆ, ಊದಿನಕಡ್ಡಿ ಮಾರುವ ಗೌಸಸಾಬ ತನ್ನ ಅಂಗಡಿಯ ಹಿಂದಿನ ಖೋಲಿಯನ್ನು ಅವರಿಗೆ ಬಿಟ್ಟುಕೊಟ್ಟ.

"ಏನ್ ಕೆಲಸ ಮಾಡ್ತೀರಿ ಅಣ್ಣಾರ?" ಎಂದು ಅವನು ಕೇಳಿದ.

"ಏನೂ ಇಲ್ಲ," ಎಂದ ಗುತ್ತೆಪ್ಪ.

"ಸೀನರಿ ಬರೀತಾರ್ರಿ," ಎಂದಳು ಶಾರವ್ವ.

ಗೌಸಸಾಬ ಅವನ ಮುಖ ನೋಡಿದ. "ಉರುಸಿಗೆ ಕಟ್ಟಿದ ಚಪ್ಪರದ ಬಟ್ಟಿ ಹಂಗ ಬಿದ್ದೈತ್ರಿ. ಬೇಕಂದ್ರ ತಗೋರಿ. ಇಲ್ಲಿ ಯಾರೂ ನಿಮಗ ಹಿಂಗ ಬರಿ, ಹಂಗ ಬರಿ ಅನ್ನಂಗಿಲ್ಲ."

ಗುತ್ತೆಪ್ಪ ಎರಡು ದಿನ ಬಟ್ಟೆಯನ್ನು ಮುಟ್ಟಲಿಲ್ಲ. ಊರ ಹೊರಗೆ ಹೋಗಿ ಹೊಲಗಳನ್ನು ನೋಡುತ್ತ ನಿಲ್ಲುತ್ತಿದ್ದ. ಮಳೆಗೆ ಕಾದು ಮಲಗಿದ ಕರಿ ಎರಿ ನೆಲ, ಗಿಡವಿಲ್ಲ, ನೆರಳಿಲ್ಲ. ಸುಂಟರಗಾಳಿ ಎದ್ದು ಧೂಳು ಹೊತ್ತು ಓಡಿ ಬಯಲಿನ ನಡುವೆ ಬಿದ್ದುಹೋಗುತ್ತಿತ್ತು. ಮೂರನೆಯ ದಿನ ಬಂದವನೇ, "ಬಣ್ಣಕ್ಕ ಅಂಟು ಕುದಿಸು," ಎಂದ. ಶಾರವ್ವನ ಕಣ್ಣಲ್ಲಿ ನೀರು ಬಂತು. ಒಲೆ ಊದುವ ನೆಪದಲ್ಲಿ ಒರೆಸಿಕೊಂಡಳು.

ಅಂಗಡಿಯ ಹಿಂದಿನ ಗೋಡೆಗೆ ಬಟ್ಟೆ ಬಿಗಿದು ಅವನು ಬರೆಯತೊಡಗಿದ. ಕರಿ ನೆಲ ಮೊದಲು ಬಂತು. ಆದರೆ ಅದು ಮಲಗಿದ ನೆಲವಲ್ಲ. ನೇಗಿಲ ಸಾಲುಗಳು ಬೆನ್ನಟ್ಟಿಸಿಕೊಂಡವರಂತೆ ಓಡುತ್ತಿದ್ದವು. ಆಕಾಶ ಕೆಂಪು ಧೂಳಾಗಿ ಸುತ್ತುತ್ತಿತ್ತು. ನಡುವೆ ಒಂದು ಬಿಳಿ ದಾರಿ ಏರಿ, ಮುರಿದು, ಮತ್ತೆ ಹೊರಳಿ ದೂರ ಹೋಗುತ್ತಿತ್ತು. ಆ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬರೆಯುವಾಗ ಅವನು ನಿಂತಲ್ಲೇ ನಿಂತಿರುತ್ತಿದ್ದ. ಕರೆದರೆ ಬಂದು ರೊಟ್ಟಿ ತಿನ್ನುತ್ತಿದ್ದ. ಇನ್ನೇನು ಮನುಷ್ಯ ಸುಧಾರಿಸಿದ ಎಂದುಕೊಂಡು ಶಾರವ್ವ ದರ್ಗಾದಲ್ಲಿ ಸಕ್ಕರೆ ಹಂಚಿದಳು.

ಆದರೆ ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಆಕಾಶ ಬರೆದು ಮುಗಿಸುವನು, ಮರುದಿನ ಅದರ ಮೇಲೆ ಮತ್ತೊಂದು ಆಕಾಶ. ದಾರಿ ಇನ್ನಷ್ಟು ಮುಂದೆ ಹೋಗುವುದು.

"ಸಾಕಲ್ರಿ. ಆತಲ್ಲ," ಎಂದಳು ಅವಳು.

"ಆಗಿಲ್ಲ. ದಾರಿ ಮುಟ್ಟಬೇಕು."

"ಎಲ್ಲಿಗೆ ಮುಟ್ಟಬೇಕ್ರಿ?"

ಅವನು ಕುಂಚವನ್ನು ಮತ್ತೆ ಬಿಳಿ ಬಣ್ಣದಲ್ಲಿ ಅದ್ದಿದ. ಮತ್ತೆ ಊಟ ತಪ್ಪಿತು. ಕಣ್ಣು ಗುಳಿಬಿದ್ದವು. ಒಂದು ಮುಂಜಾನೆ ನೀರು ಹೊತ್ತು ತಂದ ಶಾರವ್ವ ನೋಡುತ್ತಾಳೆ, ಗುತ್ತೆಪ್ಪ ಅಳುತ್ತ ದಾರಿಯ ತುದಿಗೆ ಕರಿ ಬಣ್ಣ ಬಳಿಯುತ್ತಿದ್ದಾನೆ. ಬಿಳಿ ಗೇಣು ಗೇಣಾಗಿ ಮುಚ್ಚುತ್ತಿದೆ. ಕೊಡ ಕೆಳಗಿಟ್ಟು ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಬಿಡ ನನ್ನ!"

"ಬಿಡಂಗಿಲ್ರಿ! ಬೇಕಾದ್ರ ಕಡದು ಹಾಕ್ರಿ, ಬಿಡಂಗಿಲ್ಲ!"

ಅವನು ನೂಕಿದ. ಅವಳು ಕಲ್ಲಿನ ಮೇಲೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ರಕ್ತ ಕಂಡದ್ದೇ ಅವನು ಕುಂಚ ಬಿಸಾಕಿ ಹೊಲಗಳ ಕಡೆ ಓಡಿಹೋದ.

ಗೌಸಸಾಬ ಹಣೆಗೆ ಬಟ್ಟೆ ಕಟ್ಟಿದ. ಶಾರವ್ವ ಎದ್ದು ನಿಂತು, "ಭಾವಾ, ಇದನ್ನ ಗ್ವಾಡಿಯಿಂದ ಇಳಸ್ರಿ," ಎಂದಳು. ಇಬ್ಬರೂ ಸೇರಿ ಪರದೆಯನ್ನು ಸುತ್ತಿದರು. ಸುಡಬೇಕೆಂದು ಅವಳಿಗೆ ಒಂದು ಗಳಿಗೆ ಅನಿಸಿತು. ಮನಸ್ಸು ಬರಲಿಲ್ಲ. ಸವಣೂರಿನಲ್ಲಿ ಅಜ್ಜಪ್ಪನವರ ಕಂಪನಿಯ ಮುಕ್ಕಾಮಿತ್ತು. ಗೌಸಸಾಬನ ಚಕ್ಕಡಿಯಲ್ಲಿ ಒಯ್ದು ಅವರ ಮುಂದೆ ಇಟ್ಟಳು.

"ನೀವು ಇಟ್ಕೋರಿ. ಅವರ ಕೈಗೆ ಮಾತ್ರ ಕೊಡಬ್ಯಾಡ್ರಿ. ಇನ್ನೊಂದು ದಿನ ಬರದ್ರ ಅದೂ ಉಳಿಯಂಗಿಲ್ಲ, ಅವರೂ ಉಳಿಯಂಗಿಲ್ಲ."

ಅಜ್ಜಪ್ಪ ಪರದೆ ಬಿಚ್ಚಿಸಿ ನೋಡಿದರು. ಈ ಸಲ ರೇಗಲಿಲ್ಲ. ಮಗ ತಾಯಿಯನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯಕ್ಕೆ ಅದನ್ನು ಇಳಿಬಿಟ್ಟರು. ಸೀಟಿ ಹೊಡೆಯುತ್ತಿದ್ದ ಜನ ಗಪ್ಪಾದರು. ಮುಂದಿನ ಮುಕ್ಕಾಮಿಗೆ ಹೋಗುವಷ್ಟರಲ್ಲಿ ಜನರ ಬಾಯಲ್ಲಿ ಅದು ಹುಲಗೂರಿನ ಪರದೆಯಾಗಿತ್ತು. ಹಿರೇಕೆರೂರಿಗೆ ಕಂಪನಿ ಬಂದಾಗ ಚಿಕ್ಕೇರೂರಿನಿಂದ ಚಕ್ಕಡಿ ಕಟ್ಟಿಕೊಂಡು ಬಂದವರು ನಾಟಕದ ಹೆಸರು ಕೇಳಲಿಲ್ಲ, ಆ ಪರದೆ ಇದೆಯೋ ಇಲ್ಲವೋ ಎಂದು ಕೇಳಿದರು.

ಹೊಲಗಳಲ್ಲಿ ಹುಡುಕಿ ಶಾರವ್ವ ಗುತ್ತೆಪ್ಪನನ್ನು ಹಾನಗಲ್ಲಿಗೆ ಕರೆತಂದಿದ್ದಳು, ಪರದೆ ಎಲ್ಲಿ ಹೋಯಿತೆಂದು ಮಾತ್ರ ಹೇಳಿರಲಿಲ್ಲ. ಜನರ ಮಾತು ಈಗ ಅವನ ಕಿವಿಗೂ ಬಿತ್ತು. ಬಣ್ಣದ ಡಬ್ಬಿ ಹಿಡಿದು ಹಿರೇಕೆರೂರಿನ ಬಸ್ಸು ಹತ್ತಿದ. ಶಾರವ್ವ ಅದರ ಹಿಂದೆ ಬಂದ ಬಸ್ಸಿಗೆ ಹೋದಳು. ಅವಳು ಮುಟ್ಟಿದಾಗ ಬರಿದಾದ ಥೇಟರಿನಲ್ಲಿ ಅವನು ರಂಗದ ಮೇಲೆ ನಿಂತಿದ್ದ. ಅಜ್ಜಪ್ಪ ಎರಡೂ ಕೈ ಚಾಚಿ ಪರದೆಗೆ ಅಡ್ಡ ನಿಂತಿದ್ದರು.

"ಅದು ಮುಗದಿಲ್ರಿ ಮಾಲಕರ! ಸರೀರಿ!" ಎಂದು ಅವನು ಕೂಗಿದ. ಶಾರವ್ವನನ್ನು ಕಂಡು ಇತ್ತ ತಿರುಗಿದ. "ಯಾರನ್ನ ಕೇಳಿ ಕೊಟ್ಟಿ?"

"ಯಾರನ್ನೂ ಕೇಳಿಲ್ರಿ. ನಿಮ್ಮನ್ನ ಕೇಳಿದ್ರ ಕೊಡ್ತಿದ್ರೇನು?"

"ನಂದು ಅದು!"

"ನೀವು ಯಾರವರ್ರಿ ಮತ್ತ?" ಎಂದಳು. ದನಿ ಒಡೆಯಿತು. "ಅದನ್ನ ಮುಗಿಸಿದ್ದಿದ್ರ ನಾ ಇವತ್ತ ಯಾರ ಹಿಂದ ಓಡಿ ಬರ್ತಿದ್ದೆ?"

ಅವನು ತಾನು ಬರೆದದ್ದನ್ನು ಬಹಳ ಹೊತ್ತು ನೋಡಿದ. ಡಬ್ಬಿಯನ್ನು ರಂಗದ ಮೇಲಿಟ್ಟು ಕೆಳಗಿಳಿದ. ಆ ಮಳೆಗಾಲವಿಡೀ ಅವಳೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದ.

ಬೇರೆ ಕಂಪನಿಗಳವರು ಅಂಥದೇ ಪರದೆ ಬೇಕೆಂದು ಬಂದರು. ಗುತ್ತೆಪ್ಪ ಬರೆದ. ಅದೇ ನೆಲ, ಅದೇ ದಾರಿ. "ಗಾಳಿ ಇಲ್ಲಲ್ರಿ ಇದರಾಗ," ಎಂದು ಅವರು ಮುಖ ಸಣ್ಣದು ಮಾಡಿ ಹೋದರು. ಮೈ ನೆಟ್ಟಗಿದ್ದಾಗ ಗಾಳಿ ಬರುತ್ತಿರಲಿಲ್ಲ. ಗಾಳಿ ಬಂದಾಗ ಕುಂಚ ನಿಲ್ಲುತ್ತಿರಲಿಲ್ಲ. ಕೊನೆಗೆ ಶಿಗ್ಗಾವಿಯಲ್ಲಿ ಮನೆ ಹಿಡಿದು ಅಂಗಡಿಗಳ ಬೋರ್ಡು ಬರೆಯತೊಡಗಿದ. ವರ್ಷಕ್ಕೆ ಒಂದೆರಡು ಸಲ ಎದ್ದು ನಡೆದುಬಿಡುತ್ತಿದ್ದ. ಶಾರವ್ವ ಕೂಗದೆ, ಅಳದೆ ಹಿಂದೆ ನಡೆಯುತ್ತಿದ್ದಳು. ದಣಿದಾಗ ಅವನೇ ನಿಲ್ಲುತ್ತಿದ್ದ.

ಎಂಬತ್ತೈದರಲ್ಲಿ ಅಜ್ಜಪ್ಪನವರ ಕಂಪನಿ ಮುಚ್ಚಿತು. ಪರದೆಯನ್ನು ಧಾರವಾಡದ ಕಡೆಯವರು ಕೊಂಡು ಒಂದು ದೊಡ್ಡ ಸಭಾಗೃಹದಲ್ಲಿ ತೂಗುಹಾಕಿದರು. ಅಜ್ಜಪ್ಪನವರು ಹೇಳಿ ಕಳಿಸಿದ ಮೇಲೆ ಗಂಡ ಹೆಂಡತಿ ನೋಡಲು ಹೋದರು. ಅಲ್ಲಿದ್ದವರಿಗೆ ಇವರು ಯಾರೆಂದು ಗೊತ್ತಿರಲಿಲ್ಲ, ಇವರೂ ಹೇಳಲಿಲ್ಲ. ದಾರಿಯ ತುದಿಯನ್ನು ಅರ್ಧ ಮುಚ್ಚಿದ ಕಪ್ಪನ್ನು ತೋರಿಸಿ ಒಬ್ಬಾತ ಗೆಳೆಯನಿಗೆ, ಮಳೆ ಬರುತ್ತಿದೆ ನೋಡು ಎನ್ನುತ್ತಿದ್ದ.

ಗುತ್ತೆಪ್ಪ ಬೇರೆ ಯಾರದೋ ಕೆಲಸ ನೋಡುವವನಂತೆ ನೋಡಿದ.

"ಇದನ್ನ ಬರದಂವಾ ಭಾಳ ಸಂಕಟದಾಗ ಇದ್ದ ಅಂತ ಕಾಣ್ತೈತಿ," ಎಂದ ಮೆಲ್ಲಗೆ.

"ಅಂವ ಒಬ್ಬನ ಇರಲಿಲ್ರಿ," ಎಂದಳು ಶಾರವ್ವ.

ಅವನು ಅವಳ ಕಡೆ ತಿರುಗಿದ. ಅವಳ ಹಣೆಯ ಮೇಲಿನ ಹಳೆಯ ಗಾಯದ ಕಲೆಯನ್ನು ನೋಡಿದ. ಸ್ವಲ್ಪ ಹೊತ್ತಿಗೆ ಕಾಲು ಅತ್ತಿತ್ತ ಆಡತೊಡಗಿದವು.

"ಹೋಗೂಣೇನು?"

"ತಡೀರಿ. ನಾ ಇನ್ನೊಂದೀಟು ನೋಡ್ತೇನಿ."

ಅವನು ಬಾಗಿಲವರೆಗೆ ಹೋದ, ಹಿಂದಕ್ಕೆ ಬಂದ, ಮತ್ತೆ ಹೋದ. ಹೊರಗೆ ಮಾತ್ರ ಹೋಗಲಿಲ್ಲ. ಶಾರವ್ವ ಆ ಕೆಂಪು ಆಕಾಶವನ್ನು, ಓಡುವ ಸಾಲುಗಳನ್ನು ಅವಸರವಿಲ್ಲದೆ ನೋಡುತ್ತ ನಿಂತಳು.